ಸೊಸೆಯ ಕಾರಿಗೆ ಅತ್ತೆಯ ಸಾಕ್ಷಿ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಪೆನ್ಸಿಲ್ ರಾಣಿಗೆ,

ನಿನ್ನ ಅತ್ತೆಯ ಆಶೀರ್ವಾದ. ನನ್ನ ಮಂಡಿಯನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ಫೋನ್ ಇರುವಾಗ ಕಾಗದ ಯಾಕೆ ಎಂದು ಗಂಡನ ಜೊತೆ ಸೇರಿ ನಗಬೇಡ. ಬಾಯಲ್ಲಿ ಹೊಗಳಲು ಹೋದರೆ ನನಗೆ ಕೊನೆಗೆ ಬೈಗುಳವೇ ಹೊರಡುತ್ತದೆ.

ನಿನ್ನ ಪುಟ್ಟ ಸ್ಪೋರ್ಟ್ಸ್ ಕಾರು ನೀನು ನಕ್ಷೆ ಬರೆದಂತೆಯೇ ತಯಾರಾಗುತ್ತದೆಂದು ನಿನ್ನೆ ಮಗ ಹೇಳಿದ. ಪವರ್ ಹೆಚ್ಚಿಸಲೇಬೇಕೆಂದು ಪಟ್ಟು ಹಿಡಿದಿದ್ದ ಕಂಪನಿಯವರು ಹೇಗೆ ಬಗ್ಗಿದರೋ ಎಂದು ನಿನಗಿನ್ನೂ ಆಶ್ಚರ್ಯವಂತೆ. ಕೇಳು.

ಕಳೆದ ವಾರ ನಿಮ್ಮ ದೊಡ್ಡ ಸಾಹೇಬರು ನನ್ನನ್ನು ಟೆಸ್ಟ್ ಟ್ರ್ಯಾಕಿಗೆ ಕರೆಸಿಕೊಂಡಿದ್ದರು. ನಾನು ಹಳೆಯ ರೇಸ್ ಡ್ರೈವರ್, ವೇಗವೆಂದರೆ ಪ್ರಾಣ ಬಿಡುವವಳು, ಮೇಲಾಗಿ ಅತ್ತೆ. ನಿನ್ನ ಕಾರನ್ನು ನಾನು ಹೊಲಿಗೆ ಮೆಷಿನ್ ಎಂದು ಆಡಿಕೊಂಡದ್ದೂ ಅವರ ಕಿವಿಗೆ ಬಿದ್ದಿತ್ತು. ನಿನ್ನ ವಿರುದ್ಧ ಸಾಕ್ಷಿ ಹೇಳಲು ನನಗಿಂತ ಒಳ್ಳೆಯವರು ಸಿಗುವುದಿಲ್ಲ ಎಂದುಕೊಂಡರು. ಸೊಸೆಯನ್ನು ಆಡಿಕೊಳ್ಳುವುದು ಮನೆಯೊಳಗಿನ ಹಕ್ಕು, ಹೊರಗಿನವರಿಗೆ ಬಾಡಿಗೆಗೆ ಕೊಡುವಂಥದ್ದಲ್ಲ ಎಂದು ಪಾಪ ಅವರಿಗೇನು ಗೊತ್ತು.

ನಿನ್ನ ನಕ್ಷೆಯಂತೆ ಮಾಡಿದ್ದು, ಅವರು ಪವರ್ ಹೆಚ್ಚಿಸಿದ್ದು, ಎರಡೂ ಕಾರು ಓಡಿಸಿದೆ. ಪವರ್ ಹೆಚ್ಚಿಸಿದ್ದೇ ಬೇಗ ಸುತ್ತು ಮುಗಿಸಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಸಾಹೇಬರ ಮುಖ ಅರಳಿತು. ಆಮೇಲೆ ಬಾನೆಟ್ ತೆಗೆಸಿ ಒಂದೊಂದೇ ಕೇಳುತ್ತಾ ಹೋದೆ. ಎಂಜಿನ್ ಜೋರಾದದ್ದಕ್ಕೆ ಗೇರ್‌ಬಾಕ್ಸ್ ತಡೆಯಲಿಲ್ಲ, ಇನ್ನೂ ಗಟ್ಟಿಯದು ಹಾಕಿದರಂತೆ. ವೇಗ ಹೆಚ್ಚಿತೆಂದು ದೊಡ್ಡ ಬ್ರೇಕು, ಅದಕ್ಕೆ ತಕ್ಕ ಚಕ್ರ, ಅಗಲವಾದ ಟೈರು. ಇಷ್ಟೆಲ್ಲ ಭಾರ ಏರಿದ ಮೇಲೆ ಅದನ್ನು ಎಳೆಯಲು ಮತ್ತಷ್ಟು ಪವರ್ ಬೇಕಾಯಿತಂತೆ. ಮೂಗಿಗಿಂತ ಮೂಗುತಿ ಭಾರ ಎಂದು ನಕ್ಕುಬಿಟ್ಟೆ. ಬೆಲೆ ಕೇಳಿದರೆ ನಿನ್ನ ಕಾರಿನ ಒಂದೂವರೆ ಪಟ್ಟು ಎಂದರು. ವಿಮೆ, ಟೈರಿನ ಖರ್ಚು ಬೇರೆ. ಎರಡನ್ನೂ ಮಾರಬಹುದಲ್ಲ ಎಂದರೆ, ಕಾರ್ಖಾನೆಯಲ್ಲಿ ಜಾಗ ಇರುವುದು ಒಂದಕ್ಕೇ ಅಂತೆ.

ಆಗ ಹೇಳಿದೆ: "ಇದು ನನ್ನಂಥೋರಿಗೆ ಮಾಡಿದ ಕಾರಲ್ಲ ಸ್ವಾಮಿ. ದಿನಾ ಕೆಲಸಕ್ಕೆ ಹೋಗಿ ಬರೋ ನರ್ಸು, ಮೇಷ್ಟ್ರು, ಅವರೂ ದಾರೀಲಿ ಒಂದು ಸಲ ಖುಷಿ ಪಡಲಿ ಅಂತ ನನ್ನ ಸೊಸೆ ಮಾಡಿದ್ದು. ಅವರ ಕೈಗೇ ಸಿಗದಿದ್ರೆ, ಎಷ್ಟು ಜೋರಾಗಿ ಓಡಿದರೆ ಏನು ಬಂತು?"

ಸಾಹೇಬರು ನಿನ್ನ ನಕ್ಷೆಗಳನ್ನು ಮತ್ತೆ ತರಿಸಿದರು. ಗೆದ್ದದ್ದು ನಿನ್ನ ಕೆಲಸ, ನನ್ನ ಬಾಯಲ್ಲ. ನಾನು ಕೇಳಿದ್ದೆಲ್ಲ ಮೂರು ವರ್ಷದಿಂದ ನೀನು ಊಟದ ಮೇಜಿನಲ್ಲಿ ಕೊರೆಯುತ್ತಿದ್ದದ್ದೇ. ಅತ್ತೆಯ ಕಿವಿಗೆ ಹೋಗುವುದಿಲ್ಲ ಎಂದುಕೊಂಡಿದ್ದೆಯಲ್ಲವೇ?

ನಿನ್ನ ಕಾರು ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ನಮ್ಮ ಮನೆಯಲ್ಲಿ ಆ ಗುಣ ಇರುವುದು ಅದಕ್ಕೊಂದಕ್ಕೇ. ನಿನ್ನನ್ನು ನೆನೆದರೆ ನನಗೆ ಬಹಳ ಹೆಮ್ಮೆ ಮಗಳೇ. ಬರೆದಾಯಿತು, ಎದುರಿಗೆ ಸಿಕ್ಕಾಗ ಮತ್ತೆ ಹೇಳಿಸಬೇಡ.

ಬೈಯುವ ಹಕ್ಕನ್ನು ಇನ್ನೂ ಬಿಟ್ಟುಕೊಡದ,
ನಿನ್ನ ಅತ್ತೆ

ತಾ.ಕ.: ಇದು ಮಗನಿಗೆ ಗೊತ್ತಾಗುವುದು ಬೇಡ. ಆ ಹೆಚ್ಚು ಪವರಿನ ಕಾರಿನ ಪರ ಮಾತಾಡಿದರೆ ಅದಕ್ಕೆ ನನ್ನ ಹೆಸರನ್ನೇ ಇಡುತ್ತೇವೆ ಎಂದು ಸಾಹೇಬರು ಹೇಳಿದ್ದರು. ಬೇಡವೆಂದು ಬಂದೆ. ಬರುವ ಮುಂಚೆ ಮಾತ್ರ, ಬ್ರೇಕು ಇನ್ನೊಮ್ಮೆ ನೋಡಬೇಕು ಎಂದು ನೆಪ ಹೇಳಿ, ಅದರಲ್ಲಿ ಮೂರು ಸುತ್ತು ಹೊಡೆದೆ. ಏನು ಓಟ ಅಂತೀಯ ಅದರದ್ದು.