ಅವಳು ನಂಗ್ಯಾವ ಗೆಳತಿ

ಆಶಾರಾಣಿ,

ಇದನ್ನು ನಿನಗೆ ಕಳಿಸುವ ಮುಖ ನನಗಿಲ್ಲ. ಹಾಸಿಗೆಯಲ್ಲಿ ಹೆಣ್ಣಿಗೂ ಸುಖ ಬೇಕು, ನೋವಾದರೆ ಗಂಡನಿಗೆ ಹೇಳಬೇಕು ಎಂದ ನಿನ್ನ ವಿಡಿಯೊವನ್ನು ಅಶ್ಲೀಲವೆಂದು ತೆಗೆದುಹಾಕಿದ ಸುದ್ದಿ ನಮ್ಮ ಹಾರನಹಳ್ಳಿಗೂ ಬಂತು.

ಬೆಳಿಗ್ಗೆ ರಾಗಿ ಹಸನು ಮಾಡುವಾಗ ಓರಗಿತ್ತಿ ಸಾವಿತ್ರಕ್ಕ ನಕ್ಕಳು. "ನಿನ್ನ ಗೆಳತಿ ಬಾಯಿಗೆ ಬೀಗ ಬಿತ್ತಂತೆ ಕಣೇ. ಒಳ್ಳೇದೇ ಆಯ್ತು."

"ಅವಳು ನಂಗ್ಯಾವ ಗೆಳತಿ?" ಎಂದುಬಿಟ್ಟೆ.

ಮಧ್ಯಾಹ್ನ ಸಾವಿತ್ರಕ್ಕನ ಹೊಸ ಸೊಸೆ ಮೇಘಶ್ರೀ ನನ್ನ ಪಕ್ಕ ಬಂದು ಕೂತಳು. "ಚಿಕ್ಕತ್ತೆ, ಆ ವಿಡಿಯೊ ನೋಡೋಣ ಅಂದ್ರೆ ಸಿಗ್ತಿಲ್ಲ. ನೋವಾದ್ರೆ ಹೆಂಗ್ ಹೇಳ್ಬೇಕು ಅಂತ ಹೇಳಿದ್ರು?"

ನಿನ್ನ ಮಾತು ಕೇಳಿದ ಮೇಲೆಯೇ ನಾನೂ ಇವರ ಹತ್ತಿರ ಬಾಯಿಬಿಟ್ಟಿದ್ದು. ಅದನ್ನೇ ಅವಳಿಗೆ ಹೇಳಬಹುದಿತ್ತು.

"ಅಂಥದ್ದೆಲ್ಲ ಕೇಳ್ಬಾರ್ದು ಕಣಮ್ಮ" ಎಂದೆ.

ಆ ಹುಡುಗಿ ತಲೆ ತಗ್ಗಿಸಿ, "ತಪ್ಪಾಯ್ತು ಚಿಕ್ಕತ್ತೆ" ಎಂದು ಎದ್ದುಹೋದಳು.

ಸುಶೀಲ