ಮೊಳಕೆಯಿಲ್ಲದ ಹೋಳುಗಳು

ಕೊಣನೂರು

ತಂಗಿ ದಾಕ್ಷಾಯಿಣಿಗೆ ಅಕ್ಕನ ಆಶೀರ್ವಾದ.

ಸಾಲಗಾಮೆಯ ನಿಮ್ಮನೆಯಲ್ಲಿ ಬಿತ್ತನೆ ಆಲೂಗಡ್ಡೆ ಹೋಳು ಮಾಡುವಾಗ ಹೋಳಿಗೊಂದರಂತೆ ಇರಬೇಕಾದ ಮೊಳಕೆಯೇ ನನ್ನ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಹೇಳಲು ನಾಚಿಕೆಯಾಯಿತು. ಹೇಳಿದರೆ ಇನ್ನು ಮೇಲೆ ಈ ಕೆಲಸಕ್ಕೆ ನನ್ನನ್ನು ಕರೆಯುವುದಿಲ್ಲವೇನೋ ಎಂಬ ಭಯವೂ ಇತ್ತು. ಮೊಳಕೆಯಿಲ್ಲದ ಹೋಳುಗಳನ್ನು ನೀನು ಆಳುಗಳ ಮುಂದೆ ಒಂದು ಮಾತೂ ಆಡದೆ ಆರಿಸಿಟ್ಟೆ. ಮೂರು ದಿನವೂ ಆಲೂಗಡ್ಡೆ ಸಾರೇ ಆದಾಗ, ಅವೆಲ್ಲ ನಾನು ಕೆಡಿಸಿದ ಹೋಳುಗಳೆಂದು ನನಗೆ ತಿಳಿಯಿತು. ನಿನ್ನ ಉಪಕಾರ ದೊಡ್ಡದು ಕಣೆ.

ಐವತ್ತೆರಡಕ್ಕೆ ಕನ್ನಡಕ ಬಂತು. ನಿನ್ನ ಭಾವ, "ಮೇಷ್ಟ್ರಮ್ಮನ ಅಂಗೆ ಕಾಣ್ತೀಯಲ್ಲೇ" ಎಂದು ರೇಗಿಸುತ್ತಾರೆ. ಕಾಣಲಿ ಬಿಡು. ಅಕ್ಕಿಯಲ್ಲಿ ಕಲ್ಲು ಕಾಣುತ್ತಿದೆ, ನನಗಷ್ಟು ಸಾಕು.

ಮುಂದಿನ ವರ್ಷವೂ ಹೋಳು ಮಾಡಲು ನನ್ನನ್ನೇ ಕರೆ. ಬರುವಾಗ ಸಂತೆಯಿಂದ ಬದನೆಕಾಯಿ ತರುತ್ತೇನೆ. ಆ ಸಲ ಸಾರಿಗೆ ಆಲೂಗಡ್ಡೆ ಸಿಗುವುದಿಲ್ಲ.

ಇಂತಿ ನಿನ್ನ ಅಕ್ಕ,
ಗಂಗಾಂಬಿಕೆ