ತೊಟ್ಟಿಲ ಹತ್ತಿರದ ವಾಸನೆ

ಮನೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೇ? ಸೊಂಟನೋವು ಕಡಿಮೆಯಾಯಿತೇ? ನನ್ನ ಬಂಗಾರಿ ರಾತ್ರಿ ನಿದ್ದೆ ಮಾಡುತ್ತಾಳೋ, ಇಲ್ಲ ನಿಮ್ಮಿಬ್ಬರನ್ನೂ ಕುಣಿಸುತ್ತಾಳೋ? ಮುಂದಿನ ತಿಂಗಳು ನಿಮ್ಮತ್ತೆಯ ಊರಿಂದ ವಾಪಸು ಬಂದ ಮೇಲೆ, ನೀನು ಕೆಲಸಕ್ಕೆ ಹೋಗುವಾಗ ಕೂಸನ್ನು ಹಗಲೆಲ್ಲ ನನ್ನ ಹತ್ತಿರವೇ ಬಿಡುತ್ತೇನೆ ಎಂದೆಯಲ್ಲ, ಅದನ್ನು ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಈಗ ನೋಡಿದರೆ ಎದೆ ಡವಡವ ಅನ್ನುತ್ತಿದೆ. ಫೋನಿನಲ್ಲಿ ಹೇಳಹೋದರೆ ನೀನು ನಗಿಸಿ ಮಾತು ಹಾರಿಸಿಬಿಡುತ್ತೀಯ, ಅದಕ್ಕೇ ಈ ಕಾಗದ.

ಕಳೆದ ವಾರ ವಾಷಿಂಗ್ ಮಷೀನ್ ರಿಪೇರಿಯವನು ಬಂದಿದ್ದ. ಹೊಸ್ತಿಲಲ್ಲೇ ಮೂಗು ಮುಚ್ಚಿಕೊಂಡು, "ಏನಮ್ಮಾ, ಒಳಗೆ ಇಲಿ ಸತ್ತಿದೆ, ಹೇಗಾದ್ರೂ ಇದ್ದೀರೋ ಇಲ್ಲಿ!" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ದಿನಾ ನೆಲ ಒರೆಸುವ ಮನೆಗೆ ಹೀಗನ್ನುತ್ತಾನಲ್ಲ ಎಂದು ಚೆನ್ನಾಗಿ ದಬಾಯಿಸಿ ಕಳಿಸಿದೆ. ಮೂಗಿನ ವಿಷಯದಲ್ಲಿ ನಿಮ್ಮಮ್ಮನಿಗೆ ಪಾಠ ಹೇಳುವವರುಂಟೇ? ಹಾಸ್ಟೆಲ್ ಅಡುಗೆಮನೆಯಲ್ಲಿ ಅಷ್ಟು ವರ್ಷ ದುಡಿದವಳು ನಾನು, ಹಾಲು ಒಡೆಯುವ ಮೊದಲೇ ಗೊತ್ತಾಗುತ್ತಿತ್ತು. ನೀನು ಕಾಲೇಜಿನಿಂದ ಬಂದರೆ ಯಾವ ಗೆಳತಿಯ ಸೆಂಟು ಬಳಿದುಕೊಂಡಿದ್ದೀಯ ಎಂದು ಬಾಗಿಲಲ್ಲೇ ಹೇಳುತ್ತಿರಲಿಲ್ಲವೇ?

ಆಮೇಲೆ ಕೆಳಗಿನ ಮನೆಯ ಟೈಲರಮ್ಮ ಬಂದಳು. ಕತ್ತಿನಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ವಾಪಸು ಮೆಟ್ಟಿಲಿಗೆ ಓಡಿದಳು. "ಅಕ್ಕಾ, ನಿಮಗೆ ನಿಜವಾಗ್ಲೂ ಗೊತ್ತಾಗ್ತಿಲ್ವಾ?" ಎಂದು ಅಲ್ಲಿಂದಲೇ ಕೇಳಿದಳು. ನೆಗಡಿ ಕಣೇ ಎಂದೆ. ನೆಗಡಿಯೂ ಇಲ್ಲ, ಗಿಗಡಿಯೂ ಇಲ್ಲ. ಇಬ್ಬರೂ ಹುಡುಕಿದೆವು, ಅವಳ ಮೂಗು ಮುಂದೆ, ನಾನು ಹಿಂದೆ. ಫ್ರಿಜ್ಜಿನ ಹಿಂಬದಿ, ಬೀರುವಿನ ಅಡಿ, ಅಟ್ಟ, ಎಲ್ಲ ಜಾಲಾಡಿದ್ದಾಯಿತು. ಕೊನೆಗೆ ಅವಳು ಬಂದು ನಿಂತದ್ದು ಕೂಸಿಗೆಂದು ನಾನು ಸಿಂಗರಿಸಿಟ್ಟಿದ್ದ ತೊಟ್ಟಿಲ ಹತ್ತಿರ. ಹಾಸಿಗೆ ಎತ್ತಿದರೆ, ಕೆಳಗೆ ಮಡಿಸಿಟ್ಟ ದುಪ್ಪಟಿಯೊಳಗೆ ಸತ್ತ ಇಲಿ ಊದಿಕೊಂಡು ಬಿದ್ದಿತ್ತು, ಹಾಳಾದ್ದು! ದಿನಾ ಅದರ ಪಕ್ಕದಲ್ಲೇ ಕೂತು ಕುಲಾವಿ ಹೆಣೆಯುತ್ತಿದ್ದೆನಲ್ಲ ಪುಟ್ಟೀ.

ಕೈಗೆ ಗ್ಲೌಸು ಹಾಕಿಕೊಂಡು, ಒಂದರೊಳಗೊಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದೆವು. ಹಾಸಿಗೆ, ದುಪ್ಪಟಿಯನ್ನೂ ಇಟ್ಟುಕೊಳ್ಳಲಿಲ್ಲ. ತೊಟ್ಟಿಲನ್ನು ಬ್ಲೀಚಿಂಗ್ ನೀರಲ್ಲಿ ತೊಳೆದು ಮಹಡಿಯ ಬಿಸಿಲಿಗಿಟ್ಟೆ, ಗೋಡೆಯ ತೂತಿಗೆ ಸಿಮೆಂಟು ಮೆತ್ತಿದೆ, ಮೂಲೆಮೂಲೆಗೆ ಬಟ್ಟಲಲ್ಲಿ ಸೋಡಾಪುಡಿ, ಇದ್ದಿಲು. ಇವತ್ತು ಬೆಳಿಗ್ಗೆ ಟೈಲರಮ್ಮ ಕೋಣೆಯಲ್ಲಿ ನಿಂತು ಉಸಿರೆಳೆದು, "ಈಗ ಏನೂ ಇಲ್ಲಕ್ಕಾ" ಎಂದಳು. ನಾನೂ ಉಸಿರೆಳೆದು ತಲೆಯಾಡಿಸಿದೆ. ನನಗೆ ಆವತ್ತೂ ಏನೂ ಇರಲಿಲ್ಲ, ಈವತ್ತೂ ಇಲ್ಲ. ಅವಳು ಹೋದ ಮೇಲೆ ಕಾಫಿಪುಡಿಯ ಡಬ್ಬಕ್ಕೆ ಮುಖವಿಟ್ಟೆ, ಬೆಳ್ಳುಳ್ಳಿ ಜಜ್ಜಿ ನೋಡಿದೆ, ಫಿನಾಯಿಲ್ ಬಾಟಲಿಯನ್ನೂ ಮೂಸಿದೆ. ಎಲ್ಲ ಬರೀ ನೀರಿನ ಹಾಗೆ. ಭಯವಾಗುತ್ತಿದೆ ಕಣೇ. ಶನಿವಾರ ಡಾಕ್ಟರ ಹತ್ತಿರ ಹೋಗುತ್ತೇನೆ, ಬೈಯಬೇಡ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಗು ಮಲಗಿದಾಗ ನೀನೂ ಒಂದಿಷ್ಟು ಮಲಗು. ಬಂಗಾರಿಯ ಅಂಗಾಲಿಗೆ ನನ್ನದೊಂದು ಮುತ್ತು. ಮೂವರೂ ತಣ್ಣಗಿರಿ.

ನಿನ್ನ,
ಅಮ್ಮ

ತಾ. ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಒಂದು ಮಾತು ನಿನಗೆ ಮುಚ್ಚಿಟ್ಟಿದ್ದೆ. ಇವತ್ತು ಬೆಳಿಗ್ಗೆ ಟೈಲರಮ್ಮ ಬಂದವಳು, ಕೋಣೆಗೆ ಬರುವ ಮೊದಲು ಓಡಿದ್ದು ಅಡುಗೆಮನೆಗೆ. ಹಾಲು ಉಕ್ಕಿ ಉರಿ ಆರಿಹೋಗಿ ಗ್ಯಾಸು ಬರುತ್ತಲೇ ಇತ್ತು. ನಾನು ಅಲ್ಲೇ ಒಲೆಗೆ ಬೆನ್ನು ಹಾಕಿ ತೊಟ್ಟಿಲ ಹೊಸ ಹಾಸಿಗೆ ಹೊಲಿಯುತ್ತಿದ್ದವಳು, ಆಗಷ್ಟೇ ಎದ್ದು ಮತ್ತೆ ಹಚ್ಚಲು ಹೊರಟಿದ್ದೆ. ಲೈಟರು ಕೈಯಲ್ಲಿತ್ತು. ಕೂಸನ್ನು ನನ್ನೊಬ್ಬಳ ಹತ್ತಿರ ಬಿಟ್ಟು ಹೋಗಬೇಡ ಪುಟ್ಟೀ. ನಾನು ಅತ್ತು ಕರೆದು ಕೇಳಿದರೂ ಬಿಡಬೇಡ. ನೀನಿರುವಾಗ ಕರೆದುಕೊಂಡು ಬಾ, ಮಡಿಲಲ್ಲಿ ಹಾಕಿಕೊಳ್ಳುತ್ತೇನೆ. ಅವಳ ನೆತ್ತಿಯ ವಾಸನೆ ಹೇಗಿದೆ ಅಂತ ನೀನೇ ಮೂಸಿ ನನಗೆ ಹೇಳು.